ಮೂಗಿನ ನೇರ

ಡಾಕ್ಟರಮ್ಮ ಒಂದು ತಣ್ಣನೆಯ ಕನ್ನಡಿಯನ್ನು
ನನ್ನ ಗಂಡನ ಮೂಗಿನ ಕೆಳಗೆ ಅಡ್ಡ ಹಿಡಿದಳು.
ಉಸಿರು ಬಿಡಿ ಮ್ಖಿತಾರ್, ಸುಮ್ಮನೆ, ಊದಬೇಡಿ.
ಎರಡು ಮಂಜಿನ ಕಲೆ ಮೂಡಿದವು.
ಬಲ ಹೊಳ್ಳೆಯದು ಏಪ್ರಿಕಾಟಿನಷ್ಟು,
ಎಡದ್ದು ಬೇಳೆಯಷ್ಟು.
ಮೂವರೂ ನೋಡುತ್ತಿದ್ದಂತೆ
ಮೊದಲು ಬೇಳೆ ಆರಿತು.

ಹೊರಗೆ ಗ್ಯುಮ್ರಿಯ ಮಾರ್ಚ್. ಪಾಲಿಕ್ಲಿನಿಕ್ಕಿನ ಹೀಟರಿನಿಂದ
ಸುಟ್ಟ ಧೂಳಿನ ವಾಸನೆ.
ನನಗೆ ಬಂತು, ಇವನಿಗೆ ಬರಲಿಲ್ಲ.

ಇವನು ದುದುಕ್ ನುಡಿಸುವವನು ಎಂದರೆ ಪೂರ್ತಿ ನಿಜವಲ್ಲ.
ರಾಗ ಅರ್ಶಾವಿರನದು, ಚಪ್ಪಾಳೆ ಅವನಿಗೆ, ಕೊನ್ಯಾಕ್ ಅವನಿಗೆ.
ಇವನು ಪಕ್ಕದಲ್ಲಿ ಕೂತು ಒಂದೇ ಸ್ವರ ಹಿಡಿಯುವ ದಮ್‌ಕಶ್.
ಮದುವೆಯಲ್ಲಿ ಅದೇ ಸ್ವರ, ಸಾವಿನಲ್ಲಿ ಅದೇ ಸ್ವರ.
ಕೆನ್ನೆಯ ಚೀಲದಿಂದ ಗಾಳಿ ಹೊರಗೆ ಹೋಗುತ್ತಿರುವಾಗಲೇ
ಮೂಗು ಕದ್ದು ಒಳಗೆಳೆಯಬೇಕು,
ಸ್ವರದಲ್ಲಿ ಹೊಲಿಗೆ ಕಾಣಬಾರದು.
ಮೂವತ್ತೊಂದು ವರ್ಷ ಇವನು ಎಳೆದದ್ದು
ಒಂದೂಕಾಲು ಹೊಳ್ಳೆಯಲ್ಲಿ.

ಡಾಕ್ಟರ್ ಶುಶಾನಿಕ್ ಚೀಟಿಯ ಬೆನ್ನಿಗೆ ಚಿತ್ರ ಬರೆದಳು.
ಇದು ನಡುಗೋಡೆ. ಮುಂದೆ ಮೆದು ಎಲುಬು, ಕಿವಿಯಂತೆ ಬಾಗುವಂಥದ್ದು.
ಹಿಂದೆ ಮೂಳೆ, ಮೊಟ್ಟೆಯ ಸಿಪ್ಪೆಯಂತೆ ತೆಳು.
ನಿಮ್ಮದು ಎಡಕ್ಕೆ ವಾಲಿದೆ, ಒಳಗೆ ಹೋಗಿ ಮುಳ್ಳು ಚಾಚಿದೆ.
ಬಲಗಡೆ ಜಾಗ ಖಾಲಿ ಇದೆಯೆಂದು
ಅಲ್ಲಿನ ಪದರ ಉಬ್ಬಿ ಕೂತಿದೆ.
ಖಾಲಿ ಕೋಣೆ ಕಂಡರೆ ನೆಂಟರು ಬಿಡುತ್ತಾರೆಯೇ?

ಎಲ್ಲವನ್ನೂ ನಿನ್ನ ಮೂಗಿನ ನೇರಕ್ಕೇ ನೋಡುತ್ತೀ ಎಂದು
ಎಷ್ಟು ಸಲ ಜಗಳ ಕಾದಿದ್ದೆನೋ ಇವನೊಡನೆ.
ನೇರವೇ ಇರಲಿಲ್ಲ, ಪಾಪ.

ಯಾವಾಗ ಆಯಿತು ಇದು, ಎಂದ.
ಹುಟ್ಟುವಾಗಲೇ ಇರಬಹುದು, ಯಾರಿಗೆ ಗೊತ್ತು, ಎಂದಳು.
ಅತ್ತೆ ಹೇಳುತ್ತಿದ್ದುದು ಜಾರುಬಂಡಿಯ ಕಥೆ:
ಏಳನೇ ವರ್ಷ, ಹಿಮಗಟ್ಟಿದ ಬೀದಿ, ನೀರಿನ ಪಂಪಿಗೆ ಮುಖ.
ಇವನು ಭೂಕಂಪ ಎನ್ನುತ್ತಾನೆ. ನಮ್ಮೂರಲ್ಲಿ
ಸೊಟ್ಟಗಿರುವುದಕ್ಕೆಲ್ಲ ಅದೇ ಕಾರಣ;
ಕೇಳಿದವರು ಮುಂದೆ ಕೇಳುವುದಿಲ್ಲ.

ಆದರೆ ನನಗೆ ಕಟ್ಟುವುದು ಬಲಗಡೆ, ಎಂದು ವಾದಿಸಿದ.
ಎಡಗಡೆ ಏನೂ ತೊಂದರೆಯಿಲ್ಲ!
ಅವಳು ನಕ್ಕಳು. ಹಾಗಾಗುವುದುಂಟು.
ಹೊಳ್ಳೆಗಳು ಸರದಿಯ ಮೇಲೆ ಕಟ್ಟಿ ಬಿಡುತ್ತವೆ,
ಕೆಲವು ಗಂಟೆಗೊಮ್ಮೆ, ಎಲ್ಲರಿಗೂ.
ತೆರೆದ ಕಡೆಯ ಸರದಿ ಬಂದಾಗ ನಿಮಗೆ ಗೊತ್ತಾಗುತ್ತದೆ.
ಸದಾ ಮುಚ್ಚಿರುವ ಕಡೆ
ದೂರು ಹೇಳುವುದನ್ನು ಎಂದೋ ಬಿಟ್ಟಿದೆ.

ನಾನು ಕೈಚೀಲದ ಕೊಂಡಿ ತೆಗೆದೆ,
ಹಾಕಿದೆ, ತೆಗೆದೆ.

ಸ್ಪ್ರೇ ಊತ ಇಳಿಸುತ್ತದೆ, ಗೋಡೆ ನೆಟ್ಟಗೆ ಮಾಡುವುದಿಲ್ಲ.
ಆಪರೇಷನ್ನು ಒಳಗಿನಿಂದಲೇ, ಮುಖದ ಮೇಲೆ ಗಾಯ ಕಾಣದು.
ನಾನು ಹೇಳುವವರೆಗೆ ದುದುಕ್ ಮುಟ್ಟಬಾರದು.
ನೋವಾಗುತ್ತದೆಯೇ ಎಂದು ಇವನು ಕೇಳಲಿಲ್ಲ,
ದುಡ್ಡೆಷ್ಟು ಎಂದೂ.
ನನ್ನ ಸ್ವರದಲ್ಲಿ ಒಂದು ನಡುಕ ಇದೆ, ಎಂದ.
ಉಸಿರು ಎಳೆಯುವ ಕಡೆ ಕೂದಲೆಳೆಯಷ್ಟು ಕುಸಿಯುತ್ತದೆ.
ಜನ ಅದನ್ನು ದುಃಖ ಅಂದುಕೊಂಡಿದ್ದಾರೆ.
ಸಾವಿನ ಮನೆಯವರು ನನ್ನನ್ನೇ ಕರೆಯುವುದು ಅದಕ್ಕೆ.
ಅದೂ ಹೋಗಿಬಿಡುತ್ತದೆಯೇ?

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹುಡುಕತೊಡಗಿದಳು.
ಅವಳ ತಂದೆಯ ಶವದ ಪಕ್ಕ ಇವನು ಕೂತಿದ್ದು
ಆಗ ನೆನಪಾಯಿತು ನನಗೆ.
ಮುಚ್ಚಳ ಅವಳ ಕೈಯಲ್ಲೇ ಇತ್ತು.

ರಾತ್ರಿ ಗೊರಕೆ, ಮಾಮೂಲಿನಂತೆ,
ನನ್ನ ಪಾಲಿನ ಒಂದೇ ಸ್ವರ.
ಪೌಡರ್ ಡಬ್ಬಿಯ ಕನ್ನಡಿಯನ್ನು ಕಿಟಕಿಯ ಚಳಿಗೆ ಹಿಡಿದು
ನನ್ನ ಮೂಗಿನಡಿ ತಂದೆ.
ನನ್ನವೂ ಸಮ ಇರಲಿಲ್ಲ.
ಯಾವುದು ಚಿಕ್ಕದು ಎಂದು ನೋಡುವಷ್ಟರಲ್ಲಿ
ಎರಡೂ ಆರಿದವು.

ಮೇ ಹನ್ನೆರಡಕ್ಕೆ ಎಂದು ಬರೆದುಕೊಂಡಿದ್ದಾಳೆ.
ಅದಕ್ಕೆ ಮುಂಚೆ ಎರಡು ಮದುವೆ ಇವೆ.
ಸಾವು ಎಷ್ಟೆಂದು ಯಾರು ಬರೆದಿಟ್ಟುಕೊಳ್ಳುತ್ತಾರೆ.