ಮೂರು ನಿಮಿಷ ಆಯಿತು

ಇನ್ನು ಎರಡು ರಾತ್ರಿ.
ಚಂಪಾ ಬೆರಳು ಮಡಚಿ ಎಣಿಸುತ್ತಾಳೆ.
ಎರಡಕ್ಕೂ ಬೆರಳು ಬೇಕೇನೇ ಅಂದರೆ ನಗುವುದಿಲ್ಲ.
ಮೊದಲ ದಿನ ಹಂಸವಾಗಿ ಮಂಚದ ಮೇಲೆ ಕೂತಿದ್ದ ಟವೆಲು
ಈಗ ಬರೀ ಟವೆಲು,
ಜಗಲಿಯ ಹಗ್ಗದ ಮೇಲೆ
ಉಪ್ಪು ಕುಡಿದು ಹಪ್ಪಳದ ಹಾಗೆ ಸೆಟೆದಿದೆ.

ಹುಬ್ಬಳ್ಳಿ ಟೆಲಿಫೋನ್ ಎಕ್ಸ್‌ಚೇಂಜಿನ
ರಾತ್ರಿ ಪಾಳಿಯ ನಾಲ್ವರು ನಾವು.
ಕಿವಿಗೆ ಹೆಡ್‌ಸೆಟ್ಟು, ಎದುರಿಗೆ ತೂತುಗಳ ಗೋಡೆ,
ಊರಿನ ಸಾವು, ಹೆರಿಗೆ, ಉಳ್ಳಾಗಡ್ಡಿ ಧಾರಣೆ
ಎಲ್ಲ ನಮ್ಮ ಬೆರಳು ದಾಟಿಯೇ ಹೋದದ್ದು.
ನಿವೃತ್ತಿಯಾಗಿ ಐದು ವರ್ಷ
ಗೋವಾ ಗೋವಾ ಅಂತ ಬರೀ ಬಾಯಿಮಾತು,
ಕೊನೆಗೆ ನಸೀಮಾ ಟಿಕೆಟ್ ತೆಗೆಸಿ
ನಮ್ಮ ಬಾಯಿ ಮುಚ್ಚಿಸಿದಳು.

ಅಗೋಂದದ ಈ ರೆಸಾರ್ಟು ಅಂದರೆ
ಹನ್ನೊಂದು ಗುಡಿಸಲು, ಒಂದು ಕುಂಟು ನಾಯಿ,
ಬೆಳಗಿನ ಜಾವ ಪಾವ್ ಮಾರುವವನ ಸೈಕಲ್ ಹಾರ್ನು.
ಸಂಜೆಗೊಮ್ಮೆ ಮಾಲೀಕ ಕಾಯ್ತಾನ ಬಂದು
'ಸಗ್ಳೆಂ ಬರೆಂ ಮೂ?' ಅನ್ನುತ್ತಾನೆ.
ಬಿಸಿನೀರು ಬರದಿದ್ದರೂ
ನಾಲ್ಕೂ ತಲೆ ಒಟ್ಟಿಗೆ ಆಡುತ್ತವೆ.

ನಿನ್ನೆ ಮೀನಿನ ತಟ್ಟೆಯ ಮೇಲೆ ಜಗಳ.
ವಾಸನೆಗೇ ಸೆರಗು ಮೂಗಿಗೊತ್ತುವ ಉಮಾದೇವಿ
ಲೆಕ್ಕದ ಪುಸ್ತಕ ತೆಗೆದಳು:
'ಇಸವಾಣ ಸಾವಿರದ ನೂರಾ ನಲವತ್ತ.
ನಾಲ್ಕ ಪಾಲ ಯಾಕ? ನಾ ತಿಂದೀನೇನ?'
'ಹಂಗಾರ ನಿನ್ನ ಎಳನೀರ? ದಿನಾ ಮೂರ ಕುಡೀತಿಯಲ್ಲ!'
ಅಷ್ಟೇ.
ಆಮೇಲೆ ಮಾತಾಡಿದ್ದು ಸಮುದ್ರವೊಂದೇ,
ಅದೂ ಒಂದೇ ಮಾತು.

ರಾತ್ರಿ ಕರೆಂಟು ಹೋಯಿತು.
ಸೆಕೆಗೆ ನಾಲ್ವರೂ ಜಗಲಿಗೆ ಬಂದೆವು,
ಒಬ್ಬರನ್ನೊಬ್ಬರು ನೋಡದೆ.
ದೂರದಲ್ಲಿ ದೋಣಿಗಳ ದೀಪ,
ಕಾಲ್ ಬಂದಾಗ ಬೋರ್ಡಿನ ಮೇಲೆ ಹತ್ತುತ್ತಿತ್ತಲ್ಲ,
ಅಂಥದೇ ಸಣ್ಣ ದೀಪ.

ಕತ್ತಲೆಗೆ ಹೇಳುವ ಹಾಗೆ ಚಂಪಾ ಶುರು ಮಾಡಿದಳು:
ಎಂಬತ್ತಾರನೇ ಇಸವಿ. ಪ್ರತಿ ಗುರುವಾರ, ರಾತ್ರಿ ಹನ್ನೊಂದಕ್ಕೆ,
ಕೊಪ್ಪೀಕರ್ ರಸ್ತೆಯ ಖಾನಾವಳಿಯ ಮಾಣಿಯೊಬ್ಬ
ವಾಸ್ಕೋಕ್ಕೆ ಕಾಲ್ ಬುಕ್ ಮಾಡುತ್ತಿದ್ದ.
ಆ ತುದಿಯಲ್ಲಿ ಒಬ್ಬಳು ಹಲೋ ಅನ್ನುವಳು.
ಈ ತುದಿಯಲ್ಲಿ ಇವನು ಹಲೋ.
ಮುಂದೆ ಏನೂ ಇಲ್ಲ. ಉಸಿರು.
ಉಸಿರಿನ ಹಿಂದೆ ಹಡಗುಗಳ ಸದ್ದು.
'ಮೂರು ನಿಮಿಷ ಆಯಿತು, ಮುಂದುವರಿಸಲೇ?'
'ಹೂಂ.'
ಆರಾದರೂ, ಒಂಬತ್ತಾದರೂ
ಚೀಟಿಯಲ್ಲಿ ನಾನು ಮೂರು ಅಂತಲೇ ಬರೆದೆ.
ಮಳೆಗಾಲ ಪೂರ್ತಿ.
ಸರಕಾರದ ದುಡ್ಡು, ಯಾರಿಗೂ ಹೇಳಿಲ್ಲ.

ನಾವು ಉಮಾದೇವಿಯ ಕಡೆ ನೋಡಿದೆವು.
ಆಗಲೂ ಅವಳೇ ಮೇಲ್ವಿಚಾರಕಿ, ಆಗಲೂ ಅವಳದೇ ಲೆಕ್ಕ,
ಎಂಟಾಣೆ ತಪ್ಪಿದರೆ ಪಾಳಿ ಮುಗಿದರೂ ಕೂಡಿಸುವವಳು.
ಸೊಳ್ಳೆ ಹೊಡೆದಳು, ಅಂಗೈ ಒರೆಸಿಕೊಂಡಳು.
'ಗೊತ್ತಿತ್ತು ಬಿಡ.
ಆ ಚೀಟಿಗೆಲ್ಲಾ ಸಹಿ ಯಾರದ?'

ನಸೀಮಾ ಎದ್ದು ಒಳಗೆ ಹೋದಳು.
ಬಂದಾಗ ಕೈಯಲ್ಲಿ ಒಂದೇ ಎಳನೀರು, ನಾಲ್ಕು ಕೊಳವೆ.
ಯಾರೂ ಏನೂ ಅನ್ನಲಿಲ್ಲ. ಅದೂ ಬೆಚ್ಚಗಾಗಿತ್ತು.

ಕೊನೆಯ ಬೆಳಗು.
ಸೂಟ್‌ಕೇಸಿನ ಮೂಲೆ ಮೂಲೆಗೂ ಮರಳು.
ಮಾತ್ರೆ ಡಬ್ಬಿಯಲ್ಲಿ, ಕನ್ನಡಕದ ಕೀಲಿನಲ್ಲಿ,
ನನ್ನ ಮಡಿಚಿಟ್ಟ ಇಳಕಲ್ ಸೀರೆಯ ಪದರಿನಲ್ಲಿ,
ಉಟ್ಟೇ ಇಲ್ಲ ಅದನ್ನು, ಹೇಗೆ ಹೊಕ್ಕಿತೋ.
ಮಡಗಾಂವಿಗೆ ಟ್ಯಾಕ್ಸಿ ಏಳಕ್ಕೆ.
ಆರೂವರೆಗೆ ಮತ್ತೆ ನೀರಿಗಿಳಿದೆವು,
ಸೀರೆ ಮೊಣಕಾಲಿಗೆತ್ತಿ, ಕೈ ಕೈ ಹಿಡಿದು,
ಅಲೆ ಹಿಂದೆ ಸರಿದಾಗ
ಪಾದದಡಿಯ ನೆಲವೂ ಸರಿಯಿತು.

ಆಗ ಚಂಪಾ, ಆ ಹಳೆಯ ದನಿಯಲ್ಲಿ,
ನಿದ್ದೆಗಣ್ಣಿನ, ಯಾರ ಪಕ್ಷವೂ ಇಲ್ಲದ ದನಿಯಲ್ಲಿ,
ನೀರನ್ನು ಕೇಳಿದಳು:
ಮೂರು ನಿಮಿಷ ಆಯಿತು, ಮುಂದುವರಿಸಲೇ?

ಹಿಂದೆ ಹಾರ್ನು.
ತಿರುಗಿ ನೋಡಿದರೆ
ಟ್ಯಾಕ್ಸಿಯಲ್ಲ, ಪಾವಿನವನ ಸೈಕಲ್ಲು.
ಬಿಸಿ ಬಿಸಿ ಎಂಟು ಕೊಂಡೆವು.
ಉಮಾದೇವಿ ಒದ್ದೆ ಕೈಯಲ್ಲೇ ಪುಸ್ತಕ ಬಿಚ್ಚಿ
ಬರೆದುಕೊಂಡಳು:
ಪಾವ್, ಎಂಟು.
ಪಾಲು, ನಾಲ್ಕು.