ಅರವತ್ತು ಸೆಕೆಂಡು

ರಾಹೆಯಲ್ಲಿ ಕಡಲು ಹೆಪ್ಪುಗಟ್ಟಿ ಮೂರು ತಿಂಗಳು.
ಪ್ರಯೋಗಶಾಲೆಯ ಕುಲುಮೆಯೊಂದೇ ಕೆಂಪಗೆ.
ಹಿಲ್ಕಾಳ ಇಕ್ಕಳದಲ್ಲಿ ಉಗುರಿನಷ್ಟು ತಗಡು:
ಕಾಯಿಸದೆ, ತಣ್ಣಗೇ ಇದ್ದಾಗ ರೋಲರುಗಳ ನಡುವೆ ನೂಕಿ
ದಪ್ಪ ಹತ್ತರಲ್ಲೊಂದು ಪಾಲಿಗೆ ಇಳಿಸಿದ್ದು.
ಒಳಗೆ ಹರಳುಗಳು ಹಪ್ಪಳ,
ಎಳೆದ ಕಡೆಗೇ ಚಾಚಿಕೊಂಡು.

ಹತ್ತು ಸೆಕೆಂಡು ಬೆಂಕಿ. ಥಟ್ಟನೆ ನೀರು.
ಇನ್ನೊಂದು ತುಂಡು, ಇಪ್ಪತ್ತು. ನೀರು.
ಯಾವಾಗ ಬದಲಾದೆ ಎಂದರೆ
ಕಬ್ಬಿಣ ಹೇಳುವುದಿಲ್ಲ, ನಡುದಾರಿಯಲ್ಲಿ ತಡೆದು ನೋಡಬೇಕು.

ಪರದೆಯ ಮೇಲೆ ಬಣ್ಣದ ನಕ್ಷೆ.
ಕೆಂಪು ಹರಳುಗಳು ಅಷ್ಟಾಗಿ ನಲುಗದವು,
ಇನ್ನೂ ಮಲಗಿವೆ.
ನೀಲಿಯವೇ ಹೆಚ್ಚು ಜಜ್ಜಿಸಿಕೊಂಡದ್ದು,
ಮೊದಲ ಮೊಳಕೆಯೂ ಅಲ್ಲೇ:
ಸಾಸಿವೆಯ ಸಿಪ್ಪೆಯಷ್ಟೂ ಇಲ್ಲ,
ಗಾಯವಿಲ್ಲದ ಹೊಸ ಹರಳು.
ಅದೂ ನೀಲಿ.

ನಿಮಿಷ ತುಂಬುವಷ್ಟರಲ್ಲಿ
ಕೆಂಪಿನ ಹೊಲಕ್ಕೆ ಬೇಲಿ ಸರಿಸಿ ನುಗ್ಗಿತ್ತು.

"ಮೆತ್ತಗಾಯಿತು" ಅಂದ ಅರ್ಮಾಸ್, ಬೆರಳಲ್ಲೇ ಬಾಗಿಸಿ.
"ಎಲ್ಲ ಮರೆಯಿತು" ಎನ್ನಹೋಗಿ
ಹಿಲ್ಕಾ ತಡೆದಳು.
ಮರೆತಿದ್ದರೆ ಇಷ್ಟೊಂದು ನೀಲಿ ಎಲ್ಲಿಂದ?

ದಾಖಲೆ ಪುಸ್ತಕದಲ್ಲಿ ಬರೆದಳು: ಅರವತ್ತು ಸೆಕೆಂಡು.
ಹೊರಡಲು ಕೈಗವಸು ಹುಡುಕಿದಳು.
ಒಂದೇ ಸಿಕ್ಕಿತು.