ಸೋಸಿದ ಮೇಲೆ ಉಳಿದದ್ದು

ಕಾಗದನಗರದ ಮೂರನೇ ವಾಲ್ವು
ಎಡಕ್ಕೆ ಹನ್ನೊಂದು ಸುತ್ತು, ಆಮೇಲೊಂದು ಕೆಮ್ಮು.
ಕೆಮ್ಮುವುದು ಪೈಪು, ನಾನಲ್ಲ.
ಇಪ್ಪತ್ತಾರು ವರ್ಷ, ಬೆಳಗಿನ ನಾಲ್ಕೂವರೆಗೆ
ಭದ್ರೆಯನ್ನು ಬೀದಿಬೀದಿಗೆ ಹಂಚಿದ್ದೇನೆ.
"ಸಾಬರೇ, ಇನ್ನೈದು ನಿಮಿಷ ಬಿಡಿ" ಎಂದರೆ
ಕೇಳಿಸದವನಂತೆ ನಿಂತು
ಐದು ನಿಮಿಷ ಬಿಟ್ಟಿದ್ದೇನೆ.

ಶಂಕರಘಟ್ಟದಿಂದ ಸ್ಕೂಟರಿನಲ್ಲಿ ಬಂದಳು ಜೆಸಿಂತಾ.
ಚೀಲದೊಳಗೆ ಬಿಳಿ ಕೊಳವೆ, ಮೊಳದುದ್ದ.
ಇದರ ಕಣ್ಣು ನ್ಯಾನೊ, ಎಂದಳು.
ಅಂದರೆ?
ಒಂದು ಕೂದಲನ್ನು ಎಂಬತ್ತು ಸಾವಿರ ಸಲ ಸೀಳಿದರೆ...
ಎಂದವಳು ನನ್ನ ಬೋಳುತಲೆ ನೋಡಿ ತಡೆದಳು.
ನಾನೇ ಮೊದಲು ನಕ್ಕೆ.

ಅಂಗನವಾಡಿಯ ನಲ್ಲಿಗೆ ಕಟ್ಟಿದೆವು.
ನದಿನೀರಿನ ಸರದಿ ತಪ್ಪಿದ ದಿನ ಅಲ್ಲಿ ಬೋರಿನ ನೀರು,
ಲೋಟಕ್ಕೆ ಬಿದ್ದರೆ ಹಾಲಿಲ್ಲದ ಚಹಾ.
ಕಬ್ಬಿಣದ ಊರಲ್ಲವೇ, ನೀರಿಗೂ ಕುಲುಮೆಯ ನಂಟು
ಎಂದು ತಮಾಷೆ ಮಾಡುತ್ತಲೇ
ಮಕ್ಕಳ ಹಲ್ಲು ಕಂದಿದ್ದು ನೋಡಿದ್ದೆವು.

ಮೊದಲ ಲೋಟ ನನ್ನ ಕೈಗೇ ಕೊಟ್ಟಳು.
ಕುಡಿದೆ. ಏನೂ ಇಲ್ಲ.
ತುಕ್ಕಿಲ್ಲ, ಪಾಚಿಯಿಲ್ಲ, ಬ್ಲೀಚಿಂಗ್ ಪೌಡರಿನ ಘಾಟಿಲ್ಲ,
ಯಾವ ಬೀದಿಯ ನೀರೆಂದು ನಾಲಿಗೆಗೆ ಗುರುತು ಹತ್ತಲಿಲ್ಲ.
ನಿದ್ದೆಯಲ್ಲಿ ತಪ್ಪಿ
ಬೇರೆ ಊರಲ್ಲಿ ಬಸ್ಸಿಳಿದ ಹಾಗಾಯಿತು.
ಹೇಗಿದೆ ಎಂದಳು. ಚೆನ್ನಾಗಿದೆ ಎಂದೆ.
ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮೂರು ತಿಂಗಳಿಗೆ ಕೊಳವೆ ಬಿಚ್ಚಿದಾಗ
ಒಳಗೆಲ್ಲ ಕೆಂಪು ಕೆಸರು,
ನನ್ನ ಅಂಗೈಗೆರೆಗಳಲ್ಲಿ ಕೂತು ಹೋಗದೇ ಇರುವ ಅದೇ ಬಣ್ಣ.
ಇಷ್ಟು ದಿನ ಇದನ್ನೇ ನಾನು
ಸುತ್ತು ಎಣಿಸಿ, ಹೊತ್ತು ನೋಡಿ
ಮನೆಮನೆಗೆ ಬಿಟ್ಟದ್ದು.

ಇದರೊಳಗೆ ಬೆಳ್ಳಿಯ ಕಣಗಳಿವೆ ಸಾಬರೇ,
ಕ್ರಿಮಿಗಳನ್ನು ಕೊಲ್ಲುತ್ತವೆ, ಎಂದಳು.
ಕಣ್ಣಿಗೆ ಕಾಣದ್ದು ಕ್ರಿಮಿಯನ್ನು ಕೊಂದೀತು, ಸರಿ.
ಹಳತಾದ ಮೇಲೆ ಎಲ್ಲಿಗೆ ಎಸೆಯುತ್ತೀಯಮ್ಮ?
ಹೊಳೆಗೆ ಬಿದ್ದರೆ ಮೀನಿನ ಮರಿಗೆ ಏನಾದೀತು?
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು.
ಆಮೇಲೆ ಪುಸ್ತಕ ತೆಗೆದು ಬರೆದುಕೊಂಡಳು,
ಉತ್ತರವನ್ನೋ ನನ್ನ ಪ್ರಶ್ನೆಯನ್ನೋ ತಿಳಿಯಲಿಲ್ಲ.

ಹೊಸ ಕೊಳವೆ ಕೂತಿದೆ.
ರಿಹಾನಾಳ ಸಣ್ಣ ಮಗ
ಬಾಯಾರದಿದ್ದರೂ ಮೂರು ಸಲ ಬಂದು ಕುಡಿದ.

ಹಳೆಯದನ್ನು ಅವಳ ಲ್ಯಾಬಿಗೆ ಮುಟ್ಟಿಸಬೇಕು.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿದಿದ್ದೇನೆ.
ಆದರೂ ಸೇತುವೆಯ ಮೇಲೆ ಸೈಕಲ್ ಬಂದಾಗ
ಒಂದು ಕೈ ತಾನಾಗಿ ಹಿಂದಕ್ಕೆ ಹೋಗಿ
ಅದನ್ನು ಹಿಡಿದುಕೊಳ್ಳುತ್ತದೆ.